ಅಕ್ಕನ ಮನೆಗೆ ಹೋದ ಬಿಸಿಲು

ನಮ್ಮಕ್ಕನದು ಗಾಜು, ಕನ್ನಡಿಗಳ ಅಂಗಡಿ. ಅದರ ಗಲ್ಲಾದಲ್ಲಿ ಕೂತು ಕೂತು ನನಗೆ ಸಾಕೋ ಸಾಕಾಗಿತ್ತು. ಗಿರಾಕಿಯ ಜೊತೆ ನಕ್ಕರೆ ಹಲ್ಲು ಕಿರಿಯಬೇಡ ಎನ್ನುವಳು, ನಗದಿದ್ದರೆ ಮುಖ ಯಾಕೆ ಗಂಟು ಹಾಕಿದ್ದೀ ಎನ್ನುವಳು. ಕೊನೆಗೆ ಕೆಲಸ ಬಿಟ್ಟೆ. ದೂರವೇನೂ ಹೋಗಲಿಲ್ಲ, ಅದೇ ಕಟ್ಟಡದ ತಾರಸಿಯಲ್ಲಿದ್ದ ತಗಡಿನ ಕೋಣೆ ಹಿಡಿದು ಮೇಣದಬತ್ತಿ ಮಾಡತೊಡಗಿದೆ.

"ಬೇಸಿಗೆ ಮುಗಿಯೋದ್ರೊಳಗೆ ಗಲ್ಲಾಕ್ಕೆ ವಾಪಸ್ ಬರ್ತೀಯ, ಬರೆದಿಟ್ಕೋ," ಎಂದಳು ಅಕ್ಕ. ನನಗೆ ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ದೊಡ್ಡ ಹೋಟೆಲೊಂದರಿಂದ ಕರೆ ಬಂತು. ಮದುವೆ ಊಟದ ಮೇಜುಗಳಿಗೆ ಉದ್ದನೆಯ ಬಿಳಿ ಬತ್ತಿಗಳು ಬೇಕಂತೆ. ಚೆನ್ನಾಗಿ ಬಂದರೆ ಮುಂದೆಯೂ ನಿಮಗೇ ಎಂದರು ಮ್ಯಾನೇಜರ್ ಮೇಡಂ. ಕೆಟ್ಟರೆ ಗಲ್ಲಾ ಕಾದೇ ಇತ್ತು. ಆದರೆ ನನ್ನ ಕೋಣೆಯ ತಗಡಿಗೆ ಯಾವ ಪುಣ್ಯಾತ್ಮನೋ ಕಪ್ಪು ಬಣ್ಣ ಬಳಿದಿದ್ದ. ಮಧ್ಯಾಹ್ನವಾದರೆ ಮೇಣ ಗಟ್ಟಿಯಾಗುವುದಿರಲಿ, ನಾನೇ ಕರಗುತ್ತಿದ್ದೆ.

ಭಾವನನ್ನು ಕೇಳಿದೆ. ಅಕ್ಕನ ಗಂಡ ಭೂಗೋಳದ ಮೇಷ್ಟ್ರು. ಒಂದು ಕೇಳಿದರೆ ಹತ್ತು ಹೇಳುವ ಮನುಷ್ಯ.

"ನೋಡಮ್ಮ, ಬಿಸಿಲು ಭೂಮಿಗೆ ಬಂದ್ರೆ ಏನಾಗುತ್ತೆ? ಮೋಡ, ಹಿಮ ಇವೆಲ್ಲ ಒಂದಷ್ಟನ್ನ ಹಾಗೇ ವಾಪಸ್ ಕಳಿಸ್ತವೆ. ಮಿಕ್ಕಿದ್ದರಲ್ಲಿ ಹೆಚ್ಚಿನ ಪಾಲು ನೆಲ, ಸಮುದ್ರ ನುಂಗ್ತವೆ. ನುಂಗಿದ್ದು ಸುಮ್ನಿರುತ್ತಾ? ಬಿಸಿಯಾಗಿ ನಿಧಾನಕ್ಕೆ ಹೊರಗೆ ಬರುತ್ತೆ. ಅದರಲ್ಲೂ ಒಂದಿಷ್ಟನ್ನ ಗಾಳಿ ಹೋಗೋಕೆ ಬಿಡದೆ ಹಿಡ್ಕೊಳ್ಳುತ್ತೆ. ಒಟ್ನಲ್ಲಿ ಕಪ್ಪು ನುಂಗುತ್ತೆ, ಬಿಳಿ ವಾಪಸ್ ಕಳಿಸುತ್ತೆ."

"ಅಂದ್ರೆ ತಗಡಿಗೆ ಬಿಳಿ ಬಣ್ಣ ಬಳೀಲಾ?"

"ಬಳಿ."

"ಇಷ್ಟು ಹೇಳೋಕೆ ಭೂಮಿಯೆಲ್ಲ ಸುತ್ತಿ ಬರ್ಬೇಕಿತ್ತಾ ಭಾವ?"

ಬಳಿದೆ. ಕೋಣೆ ತಂಪಾಯಿತು, ಬತ್ತಿಗಳು ಸೆಟೆದು ನಿಂತವು. ವಾಪಸ್ ಕಳಿಸಿದ ಬಿಸಿಲು ಎಲ್ಲಿಗೆ ಹೋಯಿತೆಂದು ಮಾತ್ರ ನಾನು ಯೋಚಿಸಲಿಲ್ಲ. ಅದು ನೆಟ್ಟಗೆ ಎದುರು ಕಟ್ಟಡದಲ್ಲಿ, ನನ್ನ ತಾರಸಿಗಿಂತ ಮೇಲಿರುವ ಅಕ್ಕನ ಮನೆಗೆ ಹೋಗಿತ್ತು. ಅವಳೋ ಮಧ್ಯಾಹ್ನ ಊಟಕ್ಕೆ ಬಂದು ಒಂದು ಕೋಳಿನಿದ್ದೆ ತೆಗೆಯದೆ ಅಂಗಡಿಗೆ ಇಳಿಯುವವಳಲ್ಲ.

"ಏನೇ, ನಿನ್ನ ಬಿಸಿಲನ್ನ ನಮ್ಮನೆಗ್ಯಾಕೆ ತಳ್ತೀಯ? ಕಣ್ಣು ಮುಚ್ಚೋಕಾಗ್ತಿಲ್ಲ!" ಎಂದು ಬಾಲ್ಕನಿಯಿಂದ ಕೂಗಿದಳು.

"ನಂದಲ್ಲಕ್ಕಾ, ಸೂರ್ಯಂದು. ಅವನನ್ನೇ ಕೇಳು!"

ಹೇಳಿ ಒಳಗೆ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆದರೆ ಅಕ್ಕ ಸುಮ್ಮನಿರುವ ಪೈಕಿಯೇ?

ಹೋಟೆಲಿಗೆ ಬತ್ತಿ ಕೊಡಬೇಕಾದ ದಿನ. ಧೂಳು ಬಾರದಂತೆ ಕಿಟಕಿ ಮುಚ್ಚಿ, ರಟ್ಟಿನ ಪೆಟ್ಟಿಗೆ ತರಲು ಹೋಗಿದ್ದೆ. ತಿರುಗಿ ಬರುವಾಗ ತಲೆಯೆತ್ತಿ ನೋಡುತ್ತೇನೆ, ಅಕ್ಕನ ಬಾಲ್ಕನಿಯಲ್ಲಿ ಆಳೆತ್ತರದ ಕನ್ನಡಿ! ಬಿಸಿಲನ್ನು ಹಿಡಿದು ನನ್ನ ಕಿಟಕಿಗೇ ಎಸೆಯುತ್ತಿದೆ. ಎದ್ದೆನೋ ಬಿದ್ದೆನೋ ಎಂದು ಮೆಟ್ಟಿಲು ಹತ್ತಿದೆ. ಬಾಗಿಲು ತೆಗೆದರೆ ಒಲೆಯ ಬಾಯಿಗೆ ಮುಖವಿಟ್ಟ ಹಾಗಾಯಿತು. ಗಾಜಿನಿಂದ ಒಳಗೆ ಬಂದ ಬೆಳಕು ಬಿಸಿಯಾಗಿ, ಊಟಕ್ಕೆಂದು ಬಂದ ನೆಂಟರ ಹಾಗೆ ಅಲ್ಲೇ ಠಿಕಾಣಿ ಹೂಡಿತ್ತು. ಬತ್ತಿಗಳೆಲ್ಲ ಬಿಸಿಲು ಬಿದ್ದ ಕಡೆ ಮೆತ್ತಗಾಗಿ ಸೊಂಟ ಬಗ್ಗಿಸಿದ್ದವು. ಅದೂ ಅಕ್ಕನ ಮನೆಯ ಕಡೆಗೆ! ನಾನು ಮಾಡಿದ ಬತ್ತಿಗಳು ಅವಳಿಗೆ ನಮಸ್ಕಾರ ಹೊಡೆಯುತ್ತಿದ್ದವು.

ಅಳು ತಡೆಯಲಾಗಲಿಲ್ಲ. ಅಕ್ಕನನ್ನು ಕೈ ಹಿಡಿದು ಎಳೆದು ತಂದೆ.

"ನೋಡು! ಹೊಟ್ಟೆ ತಣ್ಣಗಾಯ್ತಾ?"

ಅವಳ ಮುಖ ಸಪ್ಪಗಾಯಿತು. "ನಿನ್ನ ಕಣ್ಣು ಕುಕ್ಕಲಿ ಅಂತ ಇಟ್ಟೆ ಕಣೇ. ಇಷ್ಟೆಲ್ಲ ಆಗುತ್ತೆ ಅಂತ ಗೊತ್ತಿರ್ಲಿಲ್ಲ." ಬತ್ತಿಗಳ ಸುತ್ತ ಒಂದು ಸುತ್ತು ಬಂದಳು. ಆಮೇಲೆ ಸೆರಗೇರಿಸಿ ನಿಂತು, "ಅಳೋದು ನಿಲ್ಸು. ಪೆಟ್ಟಿಗೆಗೆ ತುಂಬು. ನಾನೂ ಬರ್ತೀನಿ," ಎಂದಳು.

ಹೋಟೆಲಿನಲ್ಲಿ ಪೆಟ್ಟಿಗೆ ತೆರೆದದ್ದೇ ಮೇಡಂ ಅವರ ಹುಬ್ಬು ಮೇಲಕ್ಕೇರಿತು. ನಾನು ಬಾಯಿ ಬಿಡುವ ಮುಂಚೆಯೇ ಅಕ್ಕ ಶುರುಮಾಡಿದಳು. ಒಡೆದ ಕನ್ನಡಿಯನ್ನೂ ಮಾರಬಲ್ಲ ನಾಲಿಗೆ ಅವಳದು.

"ಹೊಸ ಮಾದರಿ ಮೇಡಂ. ಊಟಕ್ಕೆ ಬಂದೋರಿಗೆ ಬತ್ತಿಗಳೇ ಬಾಗಿ ನಮಸ್ಕಾರ ಮಾಡ್ತವೆ. ಬೇರೆ ಯಾವ ಹೋಟೆಲಲ್ಲಿ ಇದೆ ಹೇಳಿ?"

ಮೇಡಂ ಒಂದನ್ನು ಎತ್ತಿ ತಿರುಗಿಸಿ ನೋಡಿ ನಕ್ಕುಬಿಟ್ಟರು. "ಮುಂದಿನ ವಾರಕ್ಕೂ ಹೀಗೇ ಬಾಗಿರ್ಬೇಕು. ನೆಟ್ಟಗಿರೋವು ಬೇಡವೇ ಬೇಡ."

ಕೈಯಲ್ಲಿ ಬಗ್ಗಿಸಿದೆ, ಮುರಿದವು. ಒಲೆಯ ಮುಂದಿಟ್ಟೆ, ಮುದ್ದೆಯಾದವು. ಮಾನ ಮರ್ಯಾದೆ ಎಲ್ಲ ನುಂಗಿಕೊಂಡು ಅಕ್ಕನ ಬಾಗಿಲು ತಟ್ಟಿದೆ.

"ಕನ್ನಡಿ ಇಡ್ತೀನಿ, ಅದಕ್ಕೇನಂತೆ," ಎಂದಳು. "ಆದ್ರೆ ಸೂರ್ಯ ಸರಿದಂಗೆಲ್ಲ ತಿರುಗಿಸ್ತಾ ನಾನು ಇಲ್ಲೇ ನಿಂತಿರ್ಬೇಕಲ್ಲ? ಅಷ್ಟೊತ್ತು ಗಲ್ಲಾದಲ್ಲಿ ಯಾರು ಕೂತ್ಕೋತಾರೆ?"

ನಾನು ಗುರ್ರೆಂದು ನೋಡಿದೆ. ಅವಳು ಮುಖ ತಿರುಗಿಸಿಕೊಂಡು, "ನೀನು ಹೋದ್ಮೇಲೆ ಅಂಗಡಿ ಬಿಕೋ ಅನ್ನುತ್ತೆ ಕಣೇ," ಎಂದಳು. ಈ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಸಿಟ್ಟು ಮಾಡಿಕೊಂಡೇ ಗಲ್ಲಾದ ಕೀಲಿಗೆ ಕೈ ಚಾಚಿದೆ.

ಮಾರನೆಯ ಮಧ್ಯಾಹ್ನ ಗಲ್ಲಾದಲ್ಲಿ ಮುಖ ಊದಿಸಿಕೊಂಡು ಕೂತಿದ್ದೆ. ಬೇಸಿಗೆ ಇನ್ನೂ ಮುಗಿದಿರಲಿಲ್ಲ. ಅಷ್ಟರಲ್ಲಿ ಅಂಗೈಯಗಲದ ಬಿಸಿಲೊಂದು ಗೋಡೆಯ ಮೇಲೆ ಓಡಾಡಿ, ಮೇಜಿಗೆ ಇಳಿದು, ನನ್ನ ಮೂಗಿನ ಮೇಲೆ ಬಂದು ಕೂತಿತು. ತಲೆಯೆತ್ತಿದರೆ ಬಾಲ್ಕನಿಯಲ್ಲಿ ಅಕ್ಕ, ಸಣ್ಣ ಕನ್ನಡಿಯೊಂದನ್ನು ಕೈಯಲ್ಲಿ ಹಿಡಿದು ಹಲ್ಲು ಕಿರಿಯುತ್ತಿದ್ದಳು. ಎಲ್ಲವನ್ನೂ ನುಂಗಿಕೊಂಡು ಸುಮ್ಮನಿರಲು ನಾನೇನು ಕಪ್ಪು ತಗಡೇ? ಪಕ್ಕದಲ್ಲಿದ್ದ ಕೈಗನ್ನಡಿ ಎತ್ತಿ, ಅಷ್ಟನ್ನೂ ಅವಳ ಮುಖಕ್ಕೇ ವಾಪಸ್ ಕಳಿಸಿದೆ.