ಹಾಸಿಗೆ ಅಂಗಡಿಯ ಸೊಸೆ ಕೇಳಿದ ಹಕ್ಕು

ಹಾಸಿಗೆ ಅಂಗಡಿಯ ಯಜಮಾನರು ತೀರಿಕೊಂಡು ತಿಂಗಳು ತುಂಬಿರಲಿಲ್ಲ. ಕಿರಿಮಗ ಅತ್ತಿಗೆ ವಾಸವಿದ್ದ ಹಿತ್ತಿಲ ಕೋಣೆಯ ಬಾಗಿಲಲ್ಲಿ ನಿಂತು, ನೆಲ ನೋಡುತ್ತಾ ಹೇಳಿದ: “ಅತ್ತಿಗೆ, ಅಪ್ಪ ವಿಲ್‌ನಲ್ಲಿ ಮನೆ, ಅಂಗಡಿ ಎರಡೂ ನನಗೇ ಬರೆದಿದ್ದಾರೆ. ನೀವು ಬೇರೆ ಕಡೆ ನೋಡ್ಕೊಳ್ಳಿ.”

ಹಿರಿಸೊಸೆಯ ಕೈಯಿಂದ ದಬ್ಬಣ ಜಾರಿತು. ಗಂಡ ಸತ್ತಂದಿನಿಂದ ಅವಳನ್ನೂ ಪುಟ್ಟ ಮಗಳನ್ನೂ ಸಾಕಿದ್ದು ಮಾವನೇ. ಅವರು ಹತ್ತಿ ತುಂಬುತ್ತಿದ್ದರು, ಇವಳು ಅಂಚು ಹೊಲಿಯುತ್ತಿದ್ದಳು. ಕೂಲಿಯ ಮಾತೇ ಎಂದೂ ಬಂದಿರಲಿಲ್ಲ.

ಸುದ್ದಿ ಕೇಳಿ ಪಕ್ಕದ ಮನೆಯ ನರ್ಸಕ್ಕ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದರು.

“ಉಚಿತ ಕಾನೂನು ನೆರವು ಕೇಂದ್ರಕ್ಕೆ ಹೋಗೋಣ, ಏಳು.”

“ವಿಲ್ಲೇ ಆಗಿದೆಯಲ್ಲಕ್ಕಾ! ಸತ್ತವರ ಮಾತಿಗೆ ಎದುರಾಡೋಕಾಗುತ್ತಾ? ಕೋರ್ಟು ಮೆಟ್ಟಿಲು ಹತ್ತಿದ್ರೆ ನಾಲ್ಕು ಜನ ಏನಂತಾರೆ?”

“ಆ ನಾಲ್ಕು ಜನ ನಿನ್ನ ಮಗಳಿಗೆ ಊಟ ಹಾಕ್ತಾರಾ? ಹಾಗಿದ್ರೆ ತಟ್ಟೆ ತಗೋ, ಅವರ ಮನೆಗೇ ಹೋಗೋಣ.”

ಅಳುತ್ತಿದ್ದವಳಿಗೆ ನಗು ಬಂತು.

ಕೇಂದ್ರದ ವಕೀಲರು ಎಲ್ಲವನ್ನೂ ಕೇಳಿಸಿಕೊಂಡರು. “ಮಾವನ ಆಸರೆಯಲ್ಲೇ ಇದ್ದವರು ನೀವು. ಅವರು ಹೋದ್ರೂ ನಿಮ್ಮನ್ನ ಸಾಕೋ ಹೊಣೆ ಅವರ ಆಸ್ತಿ ಮೇಲೆ ಉಳಿಯುತ್ತೆ. ವಿಲ್‌ನಲ್ಲಿ ನಿಮ್ಮ ಹೆಸರಿಲ್ಲ ಅಂದ ಮಾತ್ರಕ್ಕೆ ಎಲ್ಲ ಮುಗೀತು ಅಂತಲ್ಲ. ಜೀವನಾಂಶ ಕೇಳೋಣಮ್ಮ.”

ಅವಳು ವಕೀಲರನ್ನೇ ನೋಡಿದಳು. ಮಾವ ಇಲ್ಲ, ಅವರು ಹೊತ್ತ ಹೊಣೆ ಮಾತ್ರ ಇನ್ನೂ ಇದೆಯೇ? ತನ್ನ ಮುಖವನ್ನೇ ಕಾಣದ ಯಾರೋ, ಎಂದೋ, ತನ್ನಂಥವಳನ್ನು ನೆನೆದು ಹೀಗೊಂದು ಕಾನೂನು ಬರೆದಿಟ್ಟರೇ?

ವಕೀಲರು ಅರ್ಜಿ ಹಾಕಿದರು. ವಿಚಾರಣೆಯ ದಿನ ಅವಳು ನ್ಯಾಯಾಲಯದ ಎತ್ತರದ ಸೂರು ನೋಡುತ್ತಾ ಒಳಗೆ ಬಂದಳು. ನ್ಯಾಯಾಧೀಶರು ಕನ್ನಡಕ ತೆಗೆದು, “ನಿಧಾನವಾಗಿ ಹೇಳಿಯಮ್ಮ” ಎಂದರು. ಕರಿ ಕೋಟಿನವರು, ಗುಮಾಸ್ತರು, ಮೈದುನ, ಎಲ್ಲರೂ ಸುಮ್ಮನಾದರು. ಅಷ್ಟು ದೊಡ್ಡ ಕೋಣೆ ತನ್ನ ಸಣ್ಣ ದನಿಗಾಗಿ ಕಾಯುತ್ತಿದೆ! ಅವಳು ಬೆರಗಾಗಿ, ಸೆರಗು ಸರಿಪಡಿಸಿಕೊಂಡು ಹೇಳಿದಳು:

“ನಂಗೆ ಅಂಗಡಿ ಬೇಡ ಸ್ವಾಮಿ. ಇರೋಕೆ ಆ ಹಿತ್ತಿಲ ಕೋಣೆ, ಹೊಟ್ಟೆಗೆ ಊಟ, ಮಗಳ ಓದು. ಇಷ್ಟಾದ್ರೆ ಸಾಕು.”

ಮೈದುನ ತಲೆಯೆತ್ತಿದ. “ಇಷ್ಟೇನಾ ಅತ್ತಿಗೆ? ಅಂಗಡಿ ಕೈಬಿಟ್ಟು ಹೋಗುತ್ತೆ ಅಂತ ಹೆದರಿದ್ದೆ.”

ನ್ಯಾಯಾಧೀಶರು ಇಬ್ಬರನ್ನೂ ಸಂಧಾನಕ್ಕೆ ಕೂರಿಸಿದರು. ಕೋಣೆ ಅವಳಿಗೇ ಉಳಿಯಿತು. ತಿಂಗಳ ಖರ್ಚು, ಮಗುವಿನ ಶಾಲೆಯ ಖರ್ಚನ್ನು ಮೈದುನ ಕೊಡಬೇಕೆಂದು ನ್ಯಾಯಾಲಯದ ಆದೇಶವಾಯಿತು. ಹೊರಗೆ ಬಂದ ಮೈದುನ ಮೆಟ್ಟಿಲ ಮೇಲೆ ನಿಂತುಬಿಟ್ಟ.

“ನಂಗೂ ಹೆಣ್ಣುಮಕ್ಕಳಿದ್ದಾರೆ ಅತ್ತಿಗೆ. ನಾಳೆ ನಂಗೇನಾದ್ರೂ ಆದ್ರೆ, ಇದೇ ಕಾನೂನು ಅವರ ಬೆನ್ನಿಗೂ ನಿಲ್ಲುತ್ತೆ ಅಲ್ವಾ?”

“ನಿಲ್ಲುತ್ತೆ ಕಣಪ್ಪಾ” ಎಂದಳು ಅವಳು.

ತಾಯಂದಿರೇ, ಅಣ್ಣತಮ್ಮಂದಿರೇ, ನಿಮ್ಮನ್ನು ಸಾಕುತ್ತಿದ್ದವರು ತೀರಿಕೊಂಡ ಮೇಲೆ ಯಾರಾದರೂ “ಹೊರಡು” ಎಂದರೆ, ಗಂಟುಮೂಟೆ ಕಟ್ಟುವ ಮೊದಲು ಹತ್ತಿರದ ಕಾನೂನು ನೆರವು ಕೇಂದ್ರದ ಬಾಗಿಲು ತಟ್ಟಿ. ಒಬ್ಬೊಬ್ಬರ ಪರಿಸ್ಥಿತಿಗೆ ಕಾನೂನು ಬೇರೆ ಬೇರೆ. ಕೇಳುವುದಕ್ಕೆ ಗಡುವೂ ಇರಬಹುದು, ತಡ ಮಾಡಬೇಡಿ. ತಿಳಿಯದ ಕಾಗದಕ್ಕೆ ಸಹಿ ಹಾಕಬೇಡಿ. ನಿಮ್ಮ ಮಾತು ಕೇಳುವವರಿದ್ದಾರೆ, ಬಾಯಿ ಬಿಟ್ಟು ಹೇಳಿ.