ಬಾಯಲ್ಲಿ ಹೇಳುವ ಅಳತೆ

"ಎರಡು," ಎಂದಳು ಅಮ್ಮ, ತರಕಾರಿಯವನಿಗೆ ಹೇಳುವಷ್ಟು ಸಲೀಸಾಗಿ.

ಮಗಳು ಹಲ್ಲು ಕಚ್ಚಿದಳು. ಸೊನ್ನೆಯೆಂದರೆ ಆಯಾಸವೇ ಇಲ್ಲ, ಹತ್ತೆಂದರೆ ಏಳಲೂ ಆಗದು ಎಂದು ನರ್ಸ್ ಈಗಷ್ಟೇ ಬಿಡಿಸಿ ಹೇಳಿದ್ದಳು. ಕ್ಯಾನ್ಸರಿನ ಔಷಧಿ ಏರಿಸುವ ಮೊದಲು ಪ್ರತಿ ಸಲವೂ ಇದೇ ಪ್ರಶ್ನೆ, ಪ್ರತಿ ಸಲವೂ ಅಮ್ಮನದು ಇದೇ ಉತ್ತರ.

"ಎರಡಂತೆ! ಬೆಳಿಗ್ಗೆ ಹಲ್ಲುಜ್ಜೋಕೆ ಸ್ಟೂಲ್ ಹಾಕ್ಕೊಂಡು ಕೂತಿದ್ದು ಯಾರು, ಪಕ್ಕದ್ಮನೆಯವ್ರಾ?"

"ಸ್ಟೂಲ್ ಮಾಡಿರೋದೇ ಕೂತ್ಕೊಳ್ಳೋಕೆ ಅಲ್ವೇನೇ?"

"ನೀವು ಸುಮ್ನಿರಿ," ಎಂದು ನರ್ಸ್ ಮಗಳತ್ತ ಪೆನ್ನು ತೋರಿಸಿದಳು. "ಅವರೇ ಹೇಳ್ಬೇಕು."

ಸುಮ್ಮನಿರುವುದು ಹೇಗೆ? ಮೊನ್ನೆ ಒಲೆಯ ಮೇಲೆ ಹಾಲಿಟ್ಟ ಅಮ್ಮ, ಎದ್ದು ಆರಿಸುವ ಶಕ್ತಿಯಿಲ್ಲದೆ, ಎರಡು ಹೆಜ್ಜೆ ದೂರದ ಕುರ್ಚಿಯಲ್ಲಿ ಕುಳಿತು ಅದು ಉಕ್ಕಿ ಹರಿಯುವುದನ್ನು ನೋಡುತ್ತಿದ್ದಳು. ಇಲ್ಲಿಗೆ ಬರುವಾಗ ಮಾತ್ರ ಇಸ್ತ್ರಿ ಮಾಡಿದ ಬಟ್ಟೆ, ಕೆನ್ನೆಗೆ ಪೌಡರು, ನೆಟ್ಟಗಿನ ಬೆನ್ನು. ಮೊದಲ ಸಲ ಬಂದಾಗ ಪಕ್ಕದ ಹಾಸಿಗೆಯ ಹೆಂಗಸು 'ಎಂಟು' ಎಂದಿದ್ದಳು. ಅಂದು ಆಕೆಗೆ ಔಷಧಿ ಕೊಡದೆ ಮನೆಗೆ ಕಳಿಸಿದ್ದರು. ಆಮೇಲೆ ಆಕೆ ಕಾಣಲೇ ಇಲ್ಲ. ಅಂದಿನಿಂದ ಅಮ್ಮ ಎರಡಕ್ಕೇ ಅಂಟಿಕೊಂಡಿದ್ದಳು.

ನರ್ಸ್ ಪೆನ್ನು ಕೆಳಗಿಟ್ಟಳು. "ನೀವು ಟೈಲರ್ ಅಲ್ವಾ? ನನ್ನ ಸೊಂಟ ಎಷ್ಟಿರ್ಬೋದು, ಹೇಳಿ ನೋಡೋಣ."

ಅಮ್ಮ ಕಣ್ಣು ಕಿರಿದು ಮಾಡಿದಳು. "ಮೂವತ್ತೆರಡು."

ಅಷ್ಟು ಸಿಟ್ಟಿನಲ್ಲೂ ಮಗಳಿಗೆ ನಗು ಬಂತು. "ಅದು ಗಿರಾಕಿಗೆ ಹೇಳೋ ಅಳತೆ ಸಿಸ್ಟರ್. ಅಂಗಡಿಗೆ ಬಂದೋರಿಗೆ ಬೇಜಾರಾಗ್ಬಾರ್ದು ಅಂತ ಬಾಯಲ್ಲಿ ನಾಲ್ಕಿಂಚು ಇಳಿಸ್ತಾಳೆ. ಪುಸ್ತಕದಲ್ಲಿ ಬರೆಯೋದೇ ಬೇರೆ."

"ಓಹೋ! ಪುಸ್ತಕದಲ್ಲೂ ಮೂವತ್ತೆರಡೇ ಬರೆದ್ರೆ?"

"ಬಟ್ಟೆ ಹಾಳಾಗುತ್ತೆ," ಅಮ್ಮ ಥಟ್ಟನೆ ಅಂದಳು. "ಕತ್ತರಿ ಆಡಿಸಿದ ಮೇಲೆ ಬಟ್ಟೆ ಬೆಳೆಯುತ್ತೇನಮ್ಮಾ?" ಅಂದವಳೇ ತುಟಿ ಬಿಗಿಹಿಡಿದಳು.

ನರ್ಸ್ ಕಾಗದವನ್ನು ಅವಳತ್ತ ತಿರುಗಿಸಿ ತಳ್ಳಿದಳು. "ಇದು ನನ್ನ ಪುಸ್ತಕ. ಬಾಯಲ್ಲಿ ಹೇಳೋದು ಬೇಡ. ಬರೀರಿ."

"ಬರೆದ್ರೆ ಮನೆಗೆ ಕಳಿಸ್ತೀರಿ."

"ಕಳಿಸ್ಬೋದು. ಡಾಕ್ಟ್ರು ರಕ್ತ ನೋಡಿ ಹೇಳ್ತಾರೆ. ಸುಸ್ತಿಗೂ ಕಾರಣ ಇರುತ್ತೆ ಅಮ್ಮ. ಗೊತ್ತಾದ್ರೆ ತಾನೇ ಏನಾದ್ರೂ ಮಾಡೋಕಾಗೋದು?"

ಅಮ್ಮ ಬಹಳ ಹೊತ್ತು ಕಾಗದ ನೋಡಿದಳು. ಆಮೇಲೆ ಮಗಳನ್ನು ನೋಡಿದಳು. "ನೀನು ಆ ಕಡೆ ತಿರುಗು."

"ನಾನಾ? ದಿನಾ ಎತ್ತಿ ಕೂರಿಸೋಳು ನಾನು!"

"ತಿರುಗು ಅಂದೆ."

ಮಗಳು ಗೋಡೆಗೆ ಮುಖ ಮಾಡಿದಳು. ಕಿವಿ ಬಿಸಿಯಾಗಿತ್ತು. ಇಷ್ಟು ದಿನ ಜೊತೆಗಿದ್ದವಳಿಗೆ ಗೋಡೆ, ನಿನ್ನೆ ಮೊನ್ನೆಯ ಸಿಸ್ಟರಿಗೆ ನಿಜ! ಬೆನ್ನ ಹಿಂದೆ ಪೆನ್ನು ಒಂದು ಗೀಟು ಎಳೆದದ್ದು ಕೇಳಿಸಿತು. ಒಂದಿಷ್ಟು ತಡೆದು, ಪಕ್ಕದಲ್ಲೇ ಒಂದು ಸೊನ್ನೆ ಸುತ್ತಿತು.

ನರ್ಸ್ ಅಮ್ಮನ ತೋಳು ಚಾಚಿಸಿದಳು. ರಕ್ತ ತೆಗೆದುಕೊಂಡಳು, ಕಾಗದ ಹಿಡಿದು ಡಾಕ್ಟರ ಕೋಣೆಗೆ ನಡೆದಳು. ಹೋಗುವಾಗ, "ನಾನು ಬರೋವರೆಗೂ ಮಲಗಿರಿ," ಎಂದು ಮೂಲೆಯ ಮಂಚ ತೋರಿಸಿದಳು.

ಅಮ್ಮ ವಾದ ಮಾಡದೆ ಮಲಗಿದಳು. ಮಗಳು ಅವಳ ಚಪ್ಪಲಿ ಬಿಚ್ಚಿ ಮಂಚದ ಕೆಳಗಿಟ್ಟಳು. ತನ್ನಿಂದ ಏಕೆ ಮುಚ್ಚಿಟ್ಟೆ ಎಂದು ಕೇಳಲು ತಲೆಯೆತ್ತುವಷ್ಟರಲ್ಲಿ ಅಮ್ಮನಿಗೆ ನಿದ್ದೆ ಹತ್ತಿತ್ತು. ಬಾಯಿ ತುಸು ತೆರೆದಿತ್ತು, ಒಂದು ಕೆನ್ನೆಯ ಪೌಡರು ದಿಂಬಿಗೆ ಮೆತ್ತಿಕೊಂಡಿತ್ತು.

ಹಿಂತಿರುಗಿ ಬಂದ ನರ್ಸ್ ಬಾಗಿಲಲ್ಲೇ ನಿಂತು ಒಮ್ಮೆ ಮಂಚದತ್ತ ನೋಡಿದಳು. ಅಮ್ಮನನ್ನು ಎಬ್ಬಿಸದೆ, ಮುಂದಿನವರ ಹೆಸರನ್ನು ಪಿಸುದನಿಯಲ್ಲಿ ಕರೆದಳು.