ಉತ್ತರ ಗೋಡೆಯ ಹಸಿರು

ಎಸ್ಕಿಲ್‌ನ ಅಂಗಳದಲ್ಲಿ ಧ್ವಜ ಕಂಬದ ಅರ್ಧಕ್ಕೇ ನಿಂತಿರುವುದನ್ನು ದೂರದಿಂದ ಕಂಡ ವಿಗ್ಗೋಗೆ ಮೊದಲು ನಗು ಬಂತು. ಹಗ್ಗದ ಗಂಟು ಮತ್ತೆ ರಾಟೆಗೆ ಸಿಕ್ಕಿಕೊಂಡಿರಬೇಕು, ಹೋಗಿ ಒಂದಿಷ್ಟು ಛೇಡಿಸಬೇಕು ಎಂದುಕೊಂಡು ಸೈಕಲ್ಲನ್ನು ಆ ಕಡೆ ತಿರುಗಿಸಿದ. ಮೇ ತಿಂಗಳ ಬೆಳಗು. ಹಳದಿ ಹೂವಿನ ಹೊಲಗಳ ಮೇಲೆ ಬಾನಾಡಿಯೊಂದು ಒಂದೇ ಸಮನೆ ಉಲಿಯುತ್ತಿತ್ತು. ಗೇಟಿನ ಹತ್ತಿರ ಬಂದಾಗ, ಹಗ್ಗ ಹಿಡಿದು ನಿಂತವಳು ಚರ್ಚಿನ ಸಮಾಧಿ ಅಗೆಯುವ ಗುರ್ಲಿ ಎಂದು ಗೊತ್ತಾಯಿತು. ಅವಳ ಟೋಪಿ ಕಂಕುಳಲ್ಲಿತ್ತು. ವಿಗ್ಗೋನ ನಗು ಅಲ್ಲಿಗೇ ನಿಂತಿತು.

“ಕೈಗಾಡಿ ವಾಪಸ್ ಕೊಡೋಣ ಅಂತ ಬಂದೆ ಅಜ್ಜ,” ಎಂದಳು ಗುರ್ಲಿ. “ಎಸ್ಕಿಲ್ ಬೆಂಚಿನ ಮೇಲೆ ಕೂತಿದ್ರು. ಬೂಟು ಹಾಕ್ಕೊಂಡು, ಕಾಫಿ ಅರ್ಧ ಕುಡಿದು. ಎರಡು ಸಲ ಮಾತಾಡಿಸಿದೆ. ಡಾಕ್ಟ್ರು ಬಂದು ನೋಡಿ ಹೋದ್ರು. ನಿದ್ದೆ ಬಂದ ಹಾಗೆ ಹೋಗಿದ್ದಾರೆ ಅಂದ್ರು.”

ವಿಗ್ಗೋ ಸೈಕಲ್ಲನ್ನು ಬೇಲಿಗೆ ಒರಗಿಸಿದ. ಅದು ಜಾರಿ ಬಿತ್ತು. ಅವನು ಎತ್ತಲಿಲ್ಲ.

“ಅರ್ಧ ಕಾಫಿ ಬಿಟ್ಟಿದ್ದಾನಾ?” ಎಂದ. “ಹಾಗಾದ್ರೆ ನಿಜವಾಗ್ಲೂ ಸತ್ತಿದ್ದಾನೆ.”

ಗುರ್ಲಿ ನಕ್ಕಳು, ಹಾಗೆಯೇ ಅತ್ತಳು. ವಿಗ್ಗೋ ಒಳಗೆ ಹೋಗಿ ಗೆಳೆಯನ ತಣ್ಣನೆಯ ಕೈಯ ಮೇಲೆ ತನ್ನ ಕೈಯಿಟ್ಟು, ಬಾಯಿಪಾಠವಾಗಿದ್ದ ಪ್ರಾರ್ಥನೆಯನ್ನು ಕೊನೆಯವರೆಗೂ ಹೇಳಿದ. ನಡುವೆ ಎರಡು ಕಡೆ ತಪ್ಪಿತು. ಮತ್ತೆ ಮೊದಲಿನಿಂದ ಹೇಳಿದ.

ವಿಗ್ಗೋ, ಎಸ್ಕಿಲ್ ಇಬ್ಬರೂ ಮೂವತ್ತೊಂದು ವರ್ಷ ಮಣ್ಣಿನ ನಕ್ಷೆ ಮಾಡಿದವರು. ಡೆನ್ಮಾರ್ಕಿನ ಹೊಲ, ಗುಡ್ಡ, ಜೌಗುಗಳನ್ನೆಲ್ಲ ಕಾಲಿನಲ್ಲಿ ಅಳೆದು, ಇನ್ನೂರು ಹೆಜ್ಜೆಗೊಮ್ಮೆ ನಿಂತು, ಒಂದು ಮೀಟರು ಉದ್ದದ ಕಬ್ಬಿಣದ ಕೊರೆಗೋಲನ್ನು ನೆಲಕ್ಕೆ ತಿರುವಿ, ತುದಿಯಲ್ಲಿ ಬಂದ ಮಣ್ಣನ್ನು ಬೆರಳಲ್ಲಿ ಉಜ್ಜಿ, ಹಲ್ಲಿನಲ್ಲಿ ಕಚ್ಚಿ ನೋಡಿ, ಹಾಳೆಯ ಮೇಲೆ ಬಣ್ಣ ಹಚ್ಚುವುದು ಅವರ ಕೆಲಸ. ಜೇಡಿಯಾದರೆ ಕಂದು, ಮರಳಾದರೆ ಕೆಂಪು, ಕೆಸರಾದರೆ ಹಸಿರು. ಆ ಹಾಳೆಗಳೆಲ್ಲ ಈಗ ಕಂಪ್ಯೂಟರಿಗೆ ಏರಿವೆ. ರಸ್ತೆ ಹಾಕುವವರು, ಬಾವಿ ತೋಡುವವರು, ಮನೆ ಕಟ್ಟುವವರು, ಯಾರು ಬೇಕಾದರೂ ತೆಗೆದು ನೋಡಬಹುದು.

“ಇನ್ನೊಂದು ವಿಷಯ ಇದೆ,” ಎಂದಳು ಗುರ್ಲಿ, ಅಡುಗೆಮನೆಯಲ್ಲಿ ಹೊಸ ಕಾಫಿ ಬಗ್ಗಿಸುತ್ತ. ಎಸ್ಕಿಲ್‌ನ ಡಬ್ಬಿಯಿಂದ ಬಿಸ್ಕತ್ತು ತೆಗೆದು ವಿಗ್ಗೋನ ಮುಂದಿಟ್ಟಳು. “ತಿನ್ನು ತಿನ್ನು, ಉತ್ತರ ಗೋಡೆ ಎಲ್ಲೂ ಓಡಿಹೋಗಲ್ಲ. ಅವರು ಹೀಗೇ ಅಲ್ವಾ ನಿಮಗೆ ಹೇಳ್ತಿದ್ದಿದ್ದು?”

“ಹೌದು. ಯಾವಾಗ್ಲೂ ಅದನ್ನೇ. ವಿಷಯ ಏನು ಹೇಳು.”

“ಅವರನ್ನ ರಾಗ್ನಾ ಪಕ್ಕದಲ್ಲಿ ಮಲಗಿಸೋಕಾಗಲ್ಲ.”

ರಾಗ್ನಾ ಎಸ್ಕಿಲ್‌ನ ಹೆಂಡತಿ. ಇಪ್ಪತ್ನಾಲ್ಕು ವರ್ಷಗಳ ಹಿಂದೆ ತೀರಿಕೊಂಡು ಟ್ವೆರ್ಬಿ ಚರ್ಚಿನ ಅಂಗಳದ ಉತ್ತರ ಮೂಲೆಯಲ್ಲಿ ಮಲಗಿದ್ದಳು. ಅದೇ ಕಲ್ಲಿನ ಮೇಲೆ ಎಸ್ಕಿಲ್ ತನ್ನ ಹೆಸರನ್ನೂ ಹುಟ್ಟಿದ ವರ್ಷವನ್ನೂ ಆಗಲೇ ಕೆತ್ತಿಸಿಟ್ಟಿದ್ದ. ಒಂದು ಅಂಕಿ ಮಾತ್ರ ಬಾಕಿ.

ಗುರ್ಲಿ ಹೇಳಿದ್ದು ಇಷ್ಟು: ಕಳೆದ ಚಳಿಗಾಲದಲ್ಲಿ ಚರ್ಚಿನ ಸಮಿತಿಯವರು ನಕ್ಷೆ ನೋಡಿದ್ದಾರೆ. ಉತ್ತರ ಮೂಲೆ ಹಸಿರು. ನೀರು ನಿಲ್ಲುವ ನೆಲದಲ್ಲಿ ಶವಪೆಟ್ಟಿಗೆ ಹೂಳಬಾರದೆಂಬ ನಿಯಮವಿದೆ. ಇನ್ನು ಮುಂದೆ ಅಲ್ಲಿ ಯಾರನ್ನೂ ಹೂಳುವುದು ಬೇಡ, ಹೆದ್ದಾರಿಯ ಪಕ್ಕದ ಹೊಸ ಸ್ಮಶಾನಕ್ಕೆ ಒಯ್ಯಬೇಕು ಎಂದು ಬರೆದಿಟ್ಟಿದ್ದಾರೆ.

“ನೀನೇ ಅಗೆಯೋಳು. ನಿನಗೆ ಗೊತ್ತಿಲ್ವಾ ಅಲ್ಲಿ ಮಣ್ಣು ಏನು ಅಂತ?”

“ನಾನು ಬಂದು ಹತ್ತು ವರ್ಷ. ಆ ಮೂಲೆಗೆ ಗುದ್ದಲಿ ಹಾಕೇ ಇಲ್ಲ. ರಾಗ್ನಾಗೆ ಅಗೆದ ಮುದುಕ ತಾನೇ ಹೋಗಿ ಹದಿನೈದು ವರ್ಷ ಆಯ್ತು.”

ವಿಗ್ಗೋ ಬಿಸ್ಕತ್ತನ್ನು ಡಬ್ಬಿಗೇ ಹಾಕಿದ. ಆ ಹಸಿರು ಎಲ್ಲಿಂದ ಬಂತೆಂದು ಈ ಲೋಕದಲ್ಲಿ ಬಲ್ಲವನು ಅವನೊಬ್ಬನೇ. ಹಾಗೆಂದು ಐವತ್ತು ವರ್ಷದಿಂದ ಅವನು ನಂಬಿದ್ದ.

ಸಮಿತಿಯ ಅಧ್ಯಕ್ಷ ಪ್ರೆಬೆನ್ ಹಂದಿ ಸಾಕುವವನು. ವಿಗ್ಗೋ ಅವನ ಕೊಟ್ಟಿಗೆಗೆ ಹೋದಾಗ ರಬ್ಬರು ಬೂಟಿನಲ್ಲಿ ನಿಂತು ಮೊಬೈಲು ನೋಡುತ್ತಿದ್ದ.

“ನನಗೂ ಬೇಜಾರೇ ಮಾರಾಯ್ರೆ,” ಎಂದ ಪ್ರೆಬೆನ್. “ಎಸ್ಕಿಲ್ ಅಂದ್ರೆ ನಮಗೆ ಸುಮ್ನೆನಾ? ಆದ್ರೆ ಇಲ್ಲಿ ನೋಡಿ. ಹಸಿರು. ನಾನು ಹೇಳ್ತಿಲ್ಲ, ಸರಕಾರದ ನಕ್ಷೆ ಹೇಳ್ತಿದೆ. ಕೆಳಗೆ ಹೆಸರು ಬೇರೆ ಇದೆ, ಎಸ್ಕಿಲ್ ಅವರದೇ. ಅವರ ಮಾತನ್ನ ಅವರಿಗೇ ಇಲ್ಲ ಅನ್ನೋಕಾಗುತ್ತಾ?”

“ಹೆಸರು ಅವನದು. ಹಸಿರು ನನ್ನದು.”

“ಅಂದ್ರೆ?”

ವಿಗ್ಗೋ ಕೊಟ್ಟಿಗೆಯ ಕಟ್ಟೆಯ ಮೇಲೆ ಕುಳಿತ. ಒಂದು ದೊಡ್ಡ ಹೆಣ್ಣು ಹಂದಿ ಹತ್ತಿರ ಬಂದು ಅವನ ಮೊಣಕಾಲನ್ನು ಮೂಸಿತು. ತಪ್ಪೊಪ್ಪಿಗೆಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗಬಹುದಾಗಿತ್ತು. ಆದರೂ ಹೇಳಿದ.

“ಚರ್ಚಿನ ಅಂಗಳದಲ್ಲಿ ನಾವು ಯಾವತ್ತೂ ಕೊರೀತಿರ್ಲಿಲ್ಲ. ಮಲಗಿದವರನ್ನ ಚುಚ್ಚಬಾರದು ಅಂತ. ಗೋಡೆ ಹೊರಗೆ ನಾಲ್ಕೂ ಕಡೆ ಕೊರೆದು, ಒಳಗಿನ ಬಣ್ಣ ಊಹೆ ಮಾಡೋದು. ಅವತ್ತು ಮೂರು ಕಡೆ ಎಸ್ಕಿಲ್ ಕೊರೆದ. ಉತ್ತರ ಗೋಡೆ ನನ್ನ ಪಾಲು. ಮಳೆ ಅಂದ್ರೆ ಮಳೆ. ಪಾದ್ರಿಗಳ ಹೆಂಡತಿ ಅಡುಗೆಮನೆಯಿಂದ ಕೂಗಿದ್ಲು, ಕಾಫಿ ಆಗಿದೆ ಬನ್ನಿ ಅಂತ. ಹೋದೆ.”

“ಹೋದ್ರಿ. ಆಮೇಲೆ?”

“ಆಮೇಲೆ ಏನು? ಹೋದೆ. ಹದಿನಾಲ್ಕು ಬಗೆ ಕೇಕು ಇಟ್ಟಿದ್ಲು.”

ಪ್ರೆಬೆನ್ ಒಂದು ಕ್ಷಣ ಯೋಚಿಸಿದ. “ಹದಿನಾಲ್ಕು ಅಂದ್ರೆ ನಾನೂ ಏಳ್ತಿರ್ಲಿಲ್ಲ ಬಿಡಿ.”

“ಎಸ್ಕಿಲ್ ನೆಂದ್ಕೊಂಡು ಬಂದು ಕೇಳಿದ, ಉತ್ತರ ಏನಾಯ್ತು ಅಂತ. ಕಿಟಕಿಯಿಂದ ಆಚೆ ತೊರೆ ಕಾಣ್ತಿತ್ತು, ಹುಲ್ಲುಗಾವಲು ಕಾಣ್ತಿತ್ತು. ಹಸಿರು, ಗೋಡೆ ಹೊರಗೆ ಮೂರು ತೂತು ಕೊರೆದೆ ಅಂದ್ಬಿಟ್ಟೆ. ಅವನು ನನ್ನ ಮಾತು ನಂಬಿ ಬಣ್ಣ ಹಚ್ಚಿದ, ತನ್ನ ಹೆಸರು ಹಾಕಿದ.”

“ಹಾಗಾದ್ರೆ ಅಲ್ಲಿ ಮರಳಿದೆ ಅಂತೀರಾ?”

“ಗೊತ್ತಿಲ್ಲ.”

“ಅವತ್ತು ಕೊರೀದೆ ಹಸಿರು ಅಂದ್ರಿ. ಇವತ್ತು ಕೊರೀದೆ ಹಸಿರಲ್ಲ ಅಂತೀರಿ. ಎರಡಕ್ಕೂ ಏನು ವ್ಯತ್ಯಾಸ?”

ಹಂದಿ ವಿಗ್ಗೋನ ಜೇಬಿಗೆ ಮೂತಿ ಹಾಕಿತು.

“ನಾಳೆ ಹತ್ತು ಗಂಟೆಗೆ ಬನ್ನಿ,” ಎಂದ ಪ್ರೆಬೆನ್, ಹಂದಿಯನ್ನು ದೂಡುತ್ತ. “ಕೊರೆದು ತೋರಿಸಿ. ಕೇಕು ತರಲ್ಲ ನಾನು.”

ಮರುದಿನ ವಿಗ್ಗೋ ಎಸ್ಕಿಲ್‌ನ ಶೆಡ್ಡಿನಿಂದ ಕೊರೆಗೋಲು ತಂದ. ತನ್ನದನ್ನು ನಿವೃತ್ತಿಯಾದ ವರ್ಷವೇ ತೊರೆಗೆ ಎಸೆದಿದ್ದ. ಎಸ್ಕಿಲ್ ತನ್ನದಕ್ಕೆ ಈ ವಸಂತದಲ್ಲೂ ಎಣ್ಣೆ ಹಚ್ಚಿಟ್ಟಿದ್ದ. ಚರ್ಚಿನ ಅಂಗಳದೊಳಗೆ ಕೊರೆಯಲು ವಿಗ್ಗೋನ ಮನಸ್ಸು ಒಪ್ಪದೆ ಬೆಳಿಗ್ಗೆಯೇ ಈಗಿನ ಪಾದ್ರಿ ಬೊದಿಲ್‌ಳನ್ನು ಕೇಳಿದ್ದ. “ಎಸ್ಕಿಲ್ ಅವರ ಜಾಗ ಖಾಲಿಯೇ ಇದೆಯಲ್ಲ, ಅಲ್ಲಿ ಮಲಗಬೇಕಾದವರೂ ಕೊರೆಯೋರೇ. ಬೇಜಾರು ಮಾಡ್ಕೊಳ್ಳಲ್ಲ,” ಎಂದಿದ್ದಳು ಅವಳು.

ಹತ್ತು ಗಂಟೆಗೆ ಪ್ರೆಬೆನ್, ಗುರ್ಲಿ ಇಬ್ಬರೂ ಬಂದರು. ಮೊದಲು ಗೋಡೆಯ ಹೊರಗೆ. ಐವತ್ತು ವರ್ಷ ತಡವಾಗಿ ವಿಗ್ಗೋ ಉತ್ತರ ಗೋಡೆಯ ಬುಡಕ್ಕೆ ಹೋದ. ಹಿಡಿಯನ್ನು ಹಿಡಿದು ತಿರುವಿದ. ಕೋಲು ಬೆಣ್ಣೆಯೊಳಗೆ ಚಾಕು ಇಳಿದಂತೆ ಇಳಿಯಿತು. ಹೊರಗೆಳೆದಾಗ ತುದಿಯ ತುಂಬ ಕಪ್ಪು ಕೆಸರು. ಕೊಳೆತ ಹುಲ್ಲಿನ ವಾಸನೆ ಬಂತು.

ಪ್ರೆಬೆನ್ ಕೂಡ ಗೆದ್ದವನಂತೆ ಕಾಣಲಿಲ್ಲ.

“ಅವತ್ತು ಕೊರೆದಿದ್ರೂ ಹಸಿರೇ ಅಂತಿದ್ರಿ,” ಎಂದಳು ಗುರ್ಲಿ ಮೆಲ್ಲಗೆ.

“ಎಸ್ಕಿಲ್ ಆಗಿದ್ರೆ ಅಂತಿರ್ಲಿಲ್ಲ,” ಎಂದ ವಿಗ್ಗೋ. “ಕೆಸರು ಸಿಕ್ಕಿದ್ರೆ, ಎಲ್ಲಿಗೆ ಮುಗಿಯುತ್ತೆ ಅಂತ ಹುಡುಕ್ತಿದ್ದ. ನಡಿ ಒಳಗೆ.”

ರಾಗ್ನಾಳ ಕಲ್ಲಿನ ಪಕ್ಕ, ಎಸ್ಕಿಲ್‌ಗೆಂದು ಬಿಟ್ಟ ಹುಲ್ಲಿನ ಮೇಲೆ ಅವನು ಟೋಪಿ ತೆಗೆದು ನಿಂತ. “ಸ್ವಾಮಿ, ನನ್ನ ಸುಳ್ಳಿಗೆ ನನ್ನನ್ನು ಹಿಡಿ, ಇವನನ್ನು ಬಿಡು,” ಎಂದು ಮನಸ್ಸಿನಲ್ಲಿ ಹೇಳಿಕೊಂಡು ಕೋಲು ಊರಿದ. ಒಂದು ಗೇಣು ಕಪ್ಪು ಮಣ್ಣು. ಆಮೇಲೆ ಕೋಲು ಬಿಗಿಯಿತು. ಗುರ್ಲಿ ಹಿಡಿಯ ಇನ್ನೊಂದು ತುದಿಗೆ ಕೈ ಕೊಟ್ಟಳು. ಎಂಬತ್ತೆರಡರ ಮುದುಕನೂ ಐವತ್ತರ ಹೆಂಗಸೂ ಗಾಣದೆತ್ತುಗಳಂತೆ ಸುತ್ತಿದರು. ಒಳಗಿನಿಂದ ಕರಕರ ಸದ್ದು ಬಂತು. ಆ ಸದ್ದು ಕೇಳಿಯೇ ವಿಗ್ಗೋನ ಕಣ್ಣು ತುಂಬಿತು.

ತುದಿಯಲ್ಲಿ ಬಂದದ್ದು ಒಣಗಿದ, ಕೆಂಪಗಿನ ಮರಳು.

“ಕಚ್ಚಿ ನೋಡ್ಬೇಕು,” ಎಂದ. “ಹೂಳು ಬೆರೆತಿದ್ರೆ ಹಲ್ಲಿಗೆ ಗೊತ್ತಾಗುತ್ತೆ. ನನ್ನ ಹಲ್ಲು ಕಟ್ಟಿಸಿದ್ದು, ನಡೆಯಲ್ಲ. ಪ್ರೆಬೆನ್, ಬಾಯಿ ತೆಗಿ.”

“ನಾನಾ? ಸಮಾಧಿ ಮಣ್ಣು?”

“ಇಲ್ಲಿ ಯಾರನ್ನೂ ಹೂತಿಲ್ಲ, ಹೂಳೋಕೆ ನೀನೇ ಬಿಡ್ತಿಲ್ಲ,” ಎಂದಳು ಗುರ್ಲಿ. “ಅಧ್ಯಕ್ಷರು ಅಂದ್ಮೇಲೆ ಅಷ್ಟೂ ಮಾಡದಿದ್ರೆ ಹೇಗೆ?”

ಪ್ರೆಬೆನ್ ಕಣ್ಣು ಮುಚ್ಚಿ ಕಚ್ಚಿದ. ಕರುಮ್ ಎಂದಿತು. ಉಗಿದು, ಬಾಯಿ ಒರೆಸಿಕೊಂಡು, “ಬರೀ ಮರಳು,” ಎಂದ. “ಆದ್ರೆ ಒಂದು ಮೀಟರ್ ಕೆಳಗೆ?”

“ಅದಕ್ಕೆ ನಾನಿದ್ದೀನಿ,” ಎಂದು ಗುರ್ಲಿ ಗುದ್ದಲಿ ತೆಗೆದುಕೊಂಡಳು. “ಒಂದು ತೊಟ್ಟು ನೀರು ಬಂದ್ರೂ ಮುಚ್ಚಿಬಿಡ್ತೀನಿ.”

ಮಧ್ಯಾಹ್ನದವರೆಗೆ ಅಗೆದಳು. ನೀರು ಬರಲಿಲ್ಲ. ಪ್ರೆಬೆನ್ ಹೊಂಡದ ಅಂಚಿನಲ್ಲಿ ಕುಳಿತೇ ಸಮಿತಿಯವರಿಗೆಲ್ಲ ಫೋನು ಮಾಡಿ ಒಪ್ಪಿಗೆ ಪಡೆದ. ವಿಗ್ಗೋ ಕೆಳಗೆ ಬಗ್ಗಿ ನೋಡಿದ. ನಾಲ್ಕೂ ಗೋಡೆ ಮೇಲಿನಿಂದ ಕೆಳಗಿನವರೆಗೆ ಕೆಂಪು. ಕುರುಡನಿಗೂ ಕಾಣುವಷ್ಟು ಕೆಂಪು.

ಆಗ ಅವನಿಗೆ ಹೊಳೆಯಿತು. ರಾಗ್ನಾಳನ್ನು ಮಣ್ಣು ಮಾಡಿದ ದಿನ ವಿಗ್ಗೋ ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿದ್ದ. ಎಸ್ಕಿಲ್ ಇದೇ ಅಂಚಿನಲ್ಲಿ ನಿಂತಿದ್ದ. ಹೆಂಡತಿಯ ಗುಂಡಿಯ ಮುಂದೆ ನಿಂತರೂ ಅವನ ಕಣ್ಣು ಮಣ್ಣನ್ನು ನೋಡದೆ ಇರುವುದಿಲ್ಲ. ಹಸಿರು ಸುಳ್ಳೆಂದು ಅವತ್ತೇ ಅವನಿಗೆ ಗೊತ್ತಾಗಿದೆ. ಮೂರು ತೂತು ಕೊರೆದವನಿಗೆ ಕೆಸರು ಮುಗಿಯುವ ಅಂಚು ಸಿಗದೆ ಇರುತ್ತಿರಲಿಲ್ಲ; ಯಾರ ಸುಳ್ಳೆಂದೂ ಗೊತ್ತಾಗಿದೆ. ಊರುಗೋಲು ಹಿಡಿದು ಆಸ್ಪತ್ರೆಯಿಂದ ಬಂದ ವಿಗ್ಗೋನ ಮುಂದೆ ಆ ವಾರವೇ ಅವನು ಕೇಕಿನ ತಟ್ಟೆ ಇಟ್ಟು ಅಂದಿದ್ದ: ತಿನ್ನು ತಿನ್ನು, ಉತ್ತರ ಗೋಡೆ ಎಲ್ಲೂ ಓಡಿಹೋಗಲ್ಲ. ಇಪ್ಪತ್ನಾಲ್ಕು ವರ್ಷ ಅದನ್ನೇ ಅಂದ. ನಕ್ಷೆ ತಿದ್ದಬೇಕಾದರೆ ಕಾರಣ ಬರೆಯಬೇಕು, ಕಾರಣ ಬರೆದರೆ ಗೆಳೆಯನ ಹೆಸರು ಬರುತ್ತದೆ. ಆದ್ದರಿಂದ ಬರೆಯದೆ, ಛೇಡಿಸಿ ಸುಮ್ಮನಾದ. ವಿಗ್ಗೋ ಒಂದು ದಿನವೂ ತಲೆ ಕೆಡಿಸಿಕೊಳ್ಳದೆ ಕೇಕು ತಿಂದ.

“ಕಳ್ಳ,” ಎಂದ ವಿಗ್ಗೋ ಹೊಂಡದೊಳಕ್ಕೆ. “ಎಲ್ಲಾ ಗೊತ್ತಿತ್ತು ನಿನಗೆ.”

ಮನೆಗೆ ಬಂದು ನಕ್ಷೆ ಕಚೇರಿಗೆ ಫೋನು ಮಾಡಿದ. ಎಳೆಯ ದನಿಯ ಹೆಂಗಸೊಬ್ಬಳು ಎತ್ತಿದಳು.

“ತಿದ್ದುಪಡಿಗೆ ಕಾರಣ ಏನು ಅಂತ ಹಾಕ್ಲಿ ಸರ್?”

“ಮೊದಲು ಕೊರೆದಿರಲಿಲ್ಲ ಅಂತ ಹಾಕಮ್ಮ. ಕೊರೀಬೇಕಾಗಿದ್ದವನು ನಾನು, ನನ್ನ ಹೆಸರೇ ಬರಿ.”

“ಯಾಕೆ ಕೊರೆದಿರಲಿಲ್ಲ?”

“ಮಳೆ,” ಎಂದ ವಿಗ್ಗೋ. ತಕ್ಷಣ ತಿದ್ದಿಕೊಂಡು, “ಅಲ್ಲ. ಕೇಕು. ಕೇಕು ಅಂತಲೇ ಬರಿ,” ಎಂದ.

ಶನಿವಾರ ಎಸ್ಕಿಲ್‌ನನ್ನು ರಾಗ್ನಾಳ ಪಕ್ಕದಲ್ಲಿ ಇಳಿಸಿದರು. ಪಾದ್ರಿ ಬೊದಿಲ್ ಪುಟ್ಟ ಸಲಿಕೆಯಿಂದ ಮೂರು ಸಲ ಮಣ್ಣು ಹಾಕಿದಳು. ಪೆಟ್ಟಿಗೆಯ ಮೇಲೆ ಬಿದ್ದದ್ದು ಯಾವಾಗಲೂ ಹಾಕುವ ಅಂಗಡಿಯ ಬಿಳಿ ಮರಳಲ್ಲ, ಕೊರೆಗೋಲಿನ ತುದಿಯಲ್ಲಿ ಬಂದ ಕೆಂಪು ಮರಳು. ವಿಗ್ಗೋ ಕರವಸ್ತ್ರದಲ್ಲಿ ಕಟ್ಟಿ ತಂದು ಕೊಟ್ಟಿದ್ದ. ಮಣ್ಣಾದ ಮೇಲಿನ ರೂಢಿಯಂತೆ ಗುಡ್ಡದಾಚೆ ಎಸ್ಕಿಲ್‌ನ ಅಂಗಳದಲ್ಲಿ ಯಾರೋ ಹಗ್ಗ ಎಳೆದರು. ಅರ್ಧದಲ್ಲಿದ್ದ ಧ್ವಜ ಸರಸರನೆ ತುದಿಗೇರಿತು. ಗಂಟು ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

ಜನ ಕಾಫಿಗೆ ಹೊರಟರು. ವಿಗ್ಗೋ ಮಾತ್ರ ಹಿಂದೆ ಉಳಿದು, ಟೋಪಿ ತೆಗೆದು, ಕೈ ಜೋಡಿಸಿದ.

“ಸ್ವಾಮಿ, ಇವನು ನೆಲವನ್ನು ಕಂಡ ಹಾಗೆ ಬರೆದವನು. ಗೆಳೆಯನ ತಪ್ಪೊಂದನ್ನು ಮಾತ್ರ ಕಂಡೂ ಬರೆಯಲಿಲ್ಲ. ಇವನ ತಪ್ಪುಗಳನ್ನೂ ನೀನು ಹಾಗೆಯೇ ಬರೆಯದೆ ಬಿಡು. ಒಣ ನೆಲದಲ್ಲಿ, ಹೆಂಡತಿಯ ಮಗ್ಗುಲಲ್ಲಿ, ನೀನು ಕರೆಯುವ ತನಕ ಇವನು ನೆಮ್ಮದಿಯಾಗಿ ಮಲಗಲಿ. ಇವನ ಆತ್ಮಕ್ಕೆ ಶಾಂತಿ ಕೊಡು. ಆಮೆನ್.”